ಲೋಕಶಾಂತಿ ಎಂದರೆ ಯಾರ ಶಾಂತಿ?



ಭಾನುವಾರದ ಬಲಿಪೂಜೆಯಲ್ಲಿ ಪ್ರಬೋಧನೆ ಮುಗಿದು, ವಿಶ್ವಾಸ ಪ್ರಮಾಣ ಹೇಳಿ ಆದ ಮೇಲೆ ಬರುವ ವಿಶ್ವಾಸಿಗಳ ಪ್ರಾರ್ಥನೆಯ ಬಗ್ಗೆ ಈ ಸಲ ಬರೆಯಬೇಕೆನಿಸಿತು. ಹೆಚ್ಚೆಂದರೆ ಮೂರು ನಿಮಿಷದ ಪ್ರಾರ್ಥನೆ. ಅಷ್ಟರಲ್ಲಿ ಕೆಲವರು ಕಾಣಿಕೆಗೆಂದು ಕಿಸೆಗೆ ಕೈ ಹಾಕಿರುತ್ತಾರೆ, ಗಾಯನ ಮಂಡಳಿಯವರು ಮುಂದಿನ ಹಾಡಿನ ಪುಟ ಹುಡುಕುತ್ತಿರುತ್ತಾರೆ. ಲೋಕದಲ್ಲಿ ಶಾಂತಿ ನೆಲೆಸಲಿ ಎಂದು ಒಬ್ಬರು ಓದುತ್ತಾರೆ, ನಾವು ಉತ್ತರ ಹೇಳುತ್ತೇವೆ. ಎಲ್ಲಿ ಶಾಂತಿ ಇಲ್ಲ, ಯಾರಿಗೆ ಇಲ್ಲ ಎಂದು ಆ ಕ್ಷಣ ಯಾರಾದರೂ ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳಿಯೇವು?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಲೋಕಕ್ಕಾಗಿ ಪ್ರಾರ್ಥಿಸುವುದು ಧರ್ಮಸಭೆಯ ಹೊಣೆ ಎಂದಾದರೆ, ಲೋಕದ ಸುದ್ದಿ ತಿಳಿದುಕೊಂಡು ಹೆಸರು ಹಿಡಿದು ಪ್ರಾರ್ಥಿಸುವುದೂ ಆ ಹೊಣೆಯಲ್ಲೇ ಸೇರಿದೆ.

ಈ ಪ್ರಾರ್ಥನೆ ಇತ್ತೀಚಿನದಲ್ಲ. ಎರಡನೆಯ ಶತಮಾನದ ಸಂತ ಜಸ್ಟಿನ್ ತಮ್ಮ ಕಾಲದ ಆರಾಧನೆಯನ್ನು ವರ್ಣಿಸುವಾಗ, ಪ್ರಬೋಧನೆಯ ನಂತರ ಎಲ್ಲರೂ ಎದ್ದು ನಿಂತು ಒಟ್ಟಿಗೆ ಪ್ರಾರ್ಥಿಸುತ್ತಿದ್ದುದನ್ನು ಹೇಳಿದ್ದಾರೆ. ಮುಂದೆ ಶತಮಾನಗಳ ಕಾಲ ರೋಮನ್ ಪದ್ಧತಿಯ ಪೂಜೆಯಲ್ಲಿ ಇದು ಹೆಚ್ಚುಕಡಿಮೆ ಮರೆಯಾಗಿ, ಶುಭ ಶುಕ್ರವಾರದ ದೀರ್ಘ ಪ್ರಾರ್ಥನೆಗಳಲ್ಲಿ ಮಾತ್ರ ಉಳಿಯಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಇದನ್ನು ಜನರಿಗೆ ಮರಳಿ ಕೊಟ್ಟಿತು. ಕ್ರಮವನ್ನೂ ಸೂಚಿಸಲಾಗಿದೆ. ಮೊದಲು ಧರ್ಮಸಭೆಗಾಗಿ, ನಂತರ ಆಳುವವರಿಗಾಗಿ ಮತ್ತು ಇಡೀ ಲೋಕದ ಉದ್ಧಾರಕ್ಕಾಗಿ, ಆಮೇಲೆ ಕಷ್ಟದಲ್ಲಿರುವವರಿಗಾಗಿ, ಕೊನೆಗೆ ನಮ್ಮ ಊರಿನ ಸಮುದಾಯಕ್ಕಾಗಿ.

ಕೊನೆಗೆ! ನಾವು ಬರೆದುಕೊಂಡು ಬರುವ ಚೀಟಿಗಳಲ್ಲಿ ಹೆಚ್ಚಾಗಿ ಇದು ತಿರುಗುಮುರುಗಾಗಿರುತ್ತದೆ. ಪರೀಕ್ಷೆ, ವೀಸಾ, ಮನೆ ಕಟ್ಟುವ ಕೆಲಸ, ಚರ್ಚಿನ ಹಬ್ಬ ಎಲ್ಲ ಮುಗಿದ ಮೇಲೆ ಸ್ಥಳ ಉಳಿದರೆ ಲೋಕ. ಪರೀಕ್ಷೆಗಾಗಿ ಬೇಡಬಾರದು ಎಂದಲ್ಲ, ಅದೂ ಬೇಕು. ಆದರೆ ಅದಕ್ಕೆ ಮನೆಯ ಜಪಸರವಿದೆ, ಅಜ್ಜಿಯ ಪ್ರಾರ್ಥನೆಯಿದೆ. ಇಡೀ ಸಭೆ ಒಟ್ಟಾಗಿ ನಿಂತು ಪರರಿಗಾಗಿ ಬೇಡುವ ಗಳಿಗೆ ವಾರಕ್ಕೆ ಇದೊಂದೇ.

ಆಳುವವರ ವಿಷಯದಲ್ಲೂ ಒಂದು ಮಾತು. ಅರಸರಿಗಾಗಿ, ಅಧಿಕಾರದಲ್ಲಿರುವ ಎಲ್ಲರಿಗಾಗಿ ಪ್ರಾರ್ಥಿಸಬೇಕೆಂದು ತಿಮೊಥೇಯನಿಗೆ ಬರೆದ ಮೊದಲ ಪತ್ರದ ಎರಡನೇ ಅಧ್ಯಾಯ ಹೇಳುತ್ತದೆ. ಆಗ ಆಳುತ್ತಿದ್ದ ರೋಮಿನ ಚಕ್ರವರ್ತಿಗಳು ಕ್ರೈಸ್ತರಾಗಿರಲಿಲ್ಲ. ಪ್ರಾರ್ಥಿಸುವುದು ಓಟು ಹಾಕಿದಂತಲ್ಲ. ಮುಖ್ಯಮಂತ್ರಿ ಯಾವ ಪಕ್ಷದವರು ಎಂದು ನೋಡಿ ಉತ್ತರದ ಸ್ವರ ಏರಿಸುವವರು, ಇಳಿಸುವವರು ನಮ್ಮಲ್ಲಿದ್ದಾರೆ (ಯಾರೆಂದು ನಿಮಗೂ ಗೊತ್ತು). ಶುಭ ಶುಕ್ರವಾರದಂದು ನಾವು ಯೆಹೂದ್ಯರಿಗಾಗಿ, ಕ್ರಿಸ್ತನನ್ನು ನಂಬದವರಿಗಾಗಿ, ದೇವರನ್ನೇ ನಂಬದವರಿಗಾಗಿಯೂ ಪ್ರಾರ್ಥಿಸುತ್ತೇವೆ. ಇನ್ನೊಂದು ಪಕ್ಷದವರು ಅದಕ್ಕಿಂತ ದೂರವೇ?

ಹೆಸರು ಹಿಡಿದು ಪ್ರಾರ್ಥಿಸುವುದು ಎಂದರೇನೆಂದು ಪೋಪ್ ಫ್ರಾನ್ಸಿಸ್ ತೋರಿಸಿಕೊಟ್ಟರು. 2023ರ ಅಕ್ಟೋಬರಿನಲ್ಲಿ ಗಾಜಾದಲ್ಲಿ ಯುದ್ಧ ಶುರುವಾದ ಮೇಲೆ ಅಲ್ಲಿನ ಪವಿತ್ರ ಕುಟುಂಬ ಚರ್ಚಿಗೆ ಅವರು ಬಹುತೇಕ ಪ್ರತಿ ಸಂಜೆ ಫೋನ್ ಮಾಡುತ್ತಿದ್ದರು. ಅಲ್ಲಿ ನೂರಾರು ಮಂದಿ ಆಶ್ರಯ ಪಡೆದಿದ್ದರು. ಹೇಗಿದ್ದೀರಿ, ಏನು ಊಟ ಮಾಡಿದಿರಿ ಎಂದು ವಿಚಾರಿಸುತ್ತಿದ್ದರು. 2025ರ ಏಪ್ರಿಲ್ 21ರಂದು ತೀರಿಕೊಳ್ಳುವ ಎರಡು ದಿನ ಮೊದಲೂ ಕರೆ ಮಾಡಿದ್ದರು. ಯುದ್ಧ ನಿಲ್ಲಲಿಲ್ಲ ನಿಜ. ಆದರೆ ಅವರ ಪ್ರಾರ್ಥನೆಯಲ್ಲಿ ಗಾಜಾ ಎಂದರೆ ಬರೀ ಸುದ್ದಿಯಾಗಿರಲಿಲ್ಲ, ಆ ಸಂಜೆ ಉಂಡವರು ಮತ್ತು ಉಣ್ಣದವರು ಆಗಿದ್ದರು. ಗಲ್ಫಿನಲ್ಲಿ ದುಡಿಯುವ ಒಬ್ಬರಾದರೂ ಇಲ್ಲದ ಮನೆ ನಮ್ಮ ವಾರ್ಡುಗಳಲ್ಲಿ ಕಡಿಮೆ. ಪಶ್ಚಿಮ ಏಷ್ಯಾದ ಯುದ್ಧ ನಮಗೆ ದೂರದ್ದು ಎನ್ನುವ ಹಾಗಿಲ್ಲ.

ಇನ್ನು ನಮ್ಮ ಕಾಸರಗೋಡು. ಲೋಕ ಎನ್ನುವುದು ಎಲ್ಲೋ ಆಚೆ ಇದೆ ಎಂದುಕೊಳ್ಳುವವರು ಎಣ್ಮಕಜೆಯನ್ನು ನೆನೆಯಲಿ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ನನಗೆ ಅದು ಪುಸ್ತಕದಲ್ಲಿ ಒಂದು ಆರ್ಗನೋಕ್ಲೋರಿನ್ ಸಂಯುಕ್ತ, ಅಷ್ಟೇ. ಪಡ್ರೆಯ ಮನೆಗಳಲ್ಲಿ ಅದು ಹಾಸಿಗೆಯಿಂದ ಏಳಲಾಗದ ಮಕ್ಕಳು. "ಊರಿನಲ್ಲಿ ಕಾಯಿಲೆ ಜಾಸ್ತಿ" ಎಂಬ ಸಾಮಾನ್ಯ ಮಾತಿನಿಂದ ಏನೂ ಆಗಲಿಲ್ಲ. ಡಾ. ವೈ.ಎಸ್. ಮೋಹನ್ ಕುಮಾರರು ತಮ್ಮಲ್ಲಿಗೆ ಬಂದ ರೋಗಿಗಳನ್ನು ಗಮನಿಸಿ ಬರೆದರು, ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಲೋಕಕ್ಕೆ ಮುಟ್ಟಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದನ್ನು ನಿಷೇಧಿಸಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಆದೇಶಿಸಿತು. ಆ ತಾಯಂದಿರಲ್ಲಿ ಹಲವರಿಗೆ ಇಂದಿಗೂ ಇರುವ ಭಯ ಒಂದೇ: ನನ್ನ ನಂತರ ಈ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ? ಈ ಭಯವನ್ನು ಹಾಗೆಯೇ, ಅದೇ ಮಾತಿನಲ್ಲಿ ದೇವರ ಮುಂದೆ ಇಡಬಹುದಲ್ಲವೇ? "ರೋಗಿಗಳಿಗಾಗಿ" ಎಂಬ ಒಂದು ಪದದಲ್ಲಿ ಯಾಕೆ ಮುಚ್ಚಬೇಕು?

ಪ್ರಾರ್ಥನೆಯಿಂದ ಏನಾಗುತ್ತದೆ, ಕೆಲಸ ಮಾಡಿ ಎನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಏನೂ ಮಾಡದಿರಲು ಪ್ರಾರ್ಥನೆಯನ್ನೇ ನೆಪ ಮಾಡಿಕೊಳ್ಳುವವರನ್ನು ನಾನೂ ನೋಡಿದ್ದೇನೆ. ಆದರೆ ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದ ಸಂತ ನಿಕೋಲಸರ ಚರ್ಚಿನಲ್ಲಿ 1982ರಿಂದ ಪ್ರತಿ ಸೋಮವಾರ ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಕೆಲವು ವಾರ ಬೆರಳೆಣಿಕೆಯ ಜನ. 1989ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಮಂದಿ ಬೀದಿಯಲ್ಲಿ ನಡೆದರು, ಸೈನಿಕರು ಗುಂಡು ಹಾರಿಸಲಿಲ್ಲ. ಒಂದು ತಿಂಗಳಲ್ಲಿ ಬರ್ಲಿನ್ ಗೋಡೆ ತೆರೆಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಪವಾಡದ ಕತೆ ಮಾಡಿ ಹೇಳುತ್ತಿಲ್ಲ. ಆ ಏಳು ವರ್ಷ ಅವರು ಬೇಡಿದ್ದು ಎದುರಿಗಿದ್ದ ಸಂಗತಿಗಾಗಿ ಎಂಬುದಷ್ಟೇ ನನ್ನ ಮಾತು.

ನಮ್ಮ ಪಾಲಿಗೆ ಇದು ದೊಡ್ಡ ಕೆಲಸವೇನಲ್ಲ. ಮುಂದಿನ ತಿಂಗಳ ಎರಡನೇ ಭಾನುವಾರ ಪೂಜೆಯ ಸರದಿ ಯುವಜನರದ್ದು. ಹಿಂದಿನ ಶನಿವಾರ ಸಂಜೆ ಜಪಸರ ಆದ ಮೇಲೆ ಆ ವಾರದ ಪತ್ರಿಕೆಗಳನ್ನು ಹಿಡಿದುಕೊಂಡು ಬನ್ನಿ, ಕನ್ನಡದ್ದಾಗಲಿ ಮಲಯಾಳದ್ದಾಗಲಿ. ನಾಲ್ಕೇ ಬಿನ್ನಹ, ಒಂದೊಂದು ಎರಡು ಸಾಲು. ಭಾಷಣ ಬೇಡ, ಯಾರಿಗೂ ಚುಚ್ಚುವ ಮಾತು ಬೇಡ. ಬರೆದದ್ದನ್ನು ಫಾದರ್ ಅವರಿಗೆ ತೋರಿಸಿ, ಅವರು ಒಪ್ಪಿದ ಮೇಲೆ ಓದುವುದು. ಮೂರನೆಯ ಬಿನ್ನಹಕ್ಕೆ ಎಣ್ಮಕಜೆಯನ್ನು ನಾನು ಈಗಲೇ ಹಿಡಿದಿಟ್ಟಿದ್ದೇನೆ. ಎರಡನೆಯದಕ್ಕೆ ಯಾವ ದೇಶ ಎಂದು ನೀವು ಯೋಚಿಸಿಕೊಂಡು ಬನ್ನಿ.