ಮೊದಲ ನಗರಕ್ಕೆ ಜಾಗ ಹುಡುಕುತ್ತಾ ಹೋದಷ್ಟೂ ಲಾಭವೇ?

ಸಿವಿಲೈಸೇಶನ್ 6 ಆಟ ಶುರುವಾದಾಗ ಆಟಗಾರರ ಕೈಯಲ್ಲಿರುವುದು ನಗರ ಕಟ್ಟುವ ಒಬ್ಬ ಸೆಟ್ಲರ್ ಮತ್ತು ಒಬ್ಬ ಯೋಧ. ನಕ್ಷೆಯ ಬಹುಭಾಗ ಕಾಣುವುದೇ ಇಲ್ಲ. ಆಗ 'ಮುಂದೆ ಇನ್ನೂ ಒಳ್ಳೆಯ ಜಾಗ ಸಿಗಬಹುದು' ಎಂದು ನಡೆಯುತ್ತಲೇ ಇರುವವರಿದ್ದಾರೆ. ನಾವೂ ಹಾಗೆ ಆಡಿ ಸೋತಿದ್ದೇವೆ.

ನಗರ ಕಟ್ಟುವವರೆಗೆ ಸಂಶೋಧನೆಯಿಲ್ಲ, ಉತ್ಪಾದನೆಯಿಲ್ಲ, ಜನಸಂಖ್ಯೆಯೂ ಇಲ್ಲ. ಐದು ಟರ್ನ್ ನಡೆದರೆ ಆ ಐದು ಟರ್ನ್‌ಗಳ ಬೆಳವಣಿಗೆ ಹೋಯಿತು. ಅಷ್ಟೇ ಅಲ್ಲ, ಅದರ ಮೇಲೆ ಮುಂದೆ ಬೆಳೆಯಬೇಕಿದ್ದದ್ದೂ ತಡವಾಗುತ್ತದೆ, ಬಡ್ಡಿಯ ಮೇಲಿನ ಬಡ್ಡಿಯ ಹಾಗೆ. ಒಂದೆರಡು ಟರ್ನ್ ನಡೆಯಬಹುದು, ಅದೂ ಬಹುತೇಕ ಒಂದೇ ಕಾರಣಕ್ಕೆ: ನೀರು.

ನದಿ, ಕೆರೆಯಂತಹ ಸಿಹಿನೀರಿನ ಪಕ್ಕದ ನಗರಕ್ಕೆ 5 ವಸತಿ ಸಿಗುತ್ತದೆ. ಬರೀ ಕಡಲ ತೀರವಾದರೆ 3, ನೀರೇ ಇಲ್ಲದಿದ್ದರೆ 2. (ರಾಜಧಾನಿಗೆ ಅರಮನೆಯಿಂದ ಇನ್ನೊಂದು.) ವಸತಿಗಿಂತ ಜನಸಂಖ್ಯೆ ಒಂದೇ ಕಡಿಮೆ ಇದ್ದಾಗ ಬೆಳವಣಿಗೆ ಅರ್ಧಕ್ಕಿಳಿಯುತ್ತದೆ. ಹಾಗಾಗಿ ನೀರಿಲ್ಲದ ಕಡೆ ಕಟ್ಟಿದ ಎರಡನೇ ನಗರ ಮೊದಲ ಪ್ರಜೆಯಿಂದಲೇ ಕುಂಟುತ್ತದೆ.

ಹಾಗಾದರೆ ನದಿ ದಡ ಸುರಕ್ಷಿತವೇ? 2019ರ ಗ್ಯಾದರಿಂಗ್ ಸ್ಟಾರ್ಮ್ ವಿಸ್ತರಣೆ ಬಂದ ಮೇಲೆ ಹಾಗೆನ್ನಲಾಗದು. ಪ್ರವಾಹ ಹೊಲಗಳನ್ನು ಹಾಳುಮಾಡುತ್ತದೆ, ಕೆಲವೊಮ್ಮೆ ಜನರನ್ನೂ ಕೊಲ್ಲುತ್ತದೆ. ಆದರೆ ಅದೇ ಪ್ರವಾಹ ಮಣ್ಣನ್ನು ಫಲವತ್ತಾಗಿಸಿ, ಆ ಮನೆಗಳ ಆಹಾರ ಇಳುವರಿಯನ್ನು ಶಾಶ್ವತವಾಗಿ ಹೆಚ್ಚಿಸಬಹುದು. (ಚೌಕಾಬಾರದಂತೆ ಇಲ್ಲೂ 'ಮನೆ' ಎನ್ನುತ್ತಿದ್ದೇವೆ, ಆಕಾರ ಮಾತ್ರ ಆರು ಮೂಲೆ.) ಹಾಳಾದ ಹೊಲವನ್ನು ದುರಸ್ತಿ ಮಾಡಬಹುದು. ಆದ್ದರಿಂದ ಪ್ರವಾಹಕ್ಕೆ ಹೆದರಿ ನದಿ ಬಿಡುವುದು ನಮಗೆ ಸರಿ ಕಾಣುವುದಿಲ್ಲ.

ನಿಜವಾದ ಅಪಾಯ ಎರಡನೇ ನಗರದ ದಾರಿಯಲ್ಲಿದೆ. ಸಾಮಾನ್ಯ ವೇಗದ ಆಟದಲ್ಲಿ ಹೊಸ ಸೆಟ್ಲರ್‌ಗೆ 80 ಉತ್ಪಾದನೆ ಬೇಕು, ಜೊತೆಗೆ ಹುಟ್ಟಿದ ನಗರದ ಒಬ್ಬ ಪ್ರಜೆ ಕಡಿಮೆಯಾಗುತ್ತಾನೆ. ಇಷ್ಟು ಬೆಲೆ ತೆತ್ತವನನ್ನು ಒಂಟಿಯಾಗಿ ಕತ್ತಲೆಗೆ ಕಳಿಸಿದರೆ, ಎದುರಾದ ಬಾರ್ಬೇರಿಯನ್ನರು ಹೊಡೆದಾಟವಿಲ್ಲದೆ ಹಿಡಿದೊಯ್ಯುತ್ತಾರೆ. ಅವರ ಬೇಹುಗಾರ ನಗರವನ್ನು ಕಂಡರೆ ತಲೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಮೂಡುತ್ತದೆ. ಅವನು ಶಿಬಿರಕ್ಕೆ ಮರಳಿದರೆ ದಾಳಿ ತಂಡ ಹೊರಡುತ್ತದೆ. ಯೋಧ ಆಗ ದೂರದಲ್ಲಿ ಅಲೆಯುತ್ತಿದ್ದರೆ ತಡೆಯುವವರಿಲ್ಲ.

ಇನ್ನು ಪರರ ರಾಜಧಾನಿಯ ಮಗ್ಗುಲಲ್ಲೇ ನಗರ ಕಟ್ಟುವ ಆಸೆ. 2018ರ ರೈಸ್ ಅಂಡ್ ಫಾಲ್ ವಿಸ್ತರಣೆಯಿಂದ 9 ಮನೆಗಳೊಳಗಿನ ನಗರಗಳ ಜನಸಂಖ್ಯೆ ಒಂದರ ನಿಷ್ಠೆಯನ್ನು ಇನ್ನೊಂದು ಎಳೆಯುತ್ತದೆ. ಹತ್ತಿರವಾದಷ್ಟೂ ಎಳೆತ ಜೋರು. ಒಬ್ಬನೇ ಪ್ರಜೆಯ ಹೊಸ ನಗರ ಅಲ್ಲಿ ಬಾಣ ಬಿಡದೆಯೇ ಕೈತಪ್ಪಬಹುದು. ನಮ್ಮ ಮಟ್ಟಿಗೆ, ರಾಜಧಾನಿಯಿಂದ ನಾಲ್ಕೈದು ಮನೆ ದೂರದ ಸಾಧಾರಣ ಹೊಳೆದಂಡೆ ಸಾಕು. ಯೋಧ ಒಂದು ಟರ್ನ್ ಮುಂಚೆ ಅಲ್ಲಿಗೆ ಹೋಗಿ ನಿಂತಿರಲಿ.