ಅಲ್ಪವಿರಾಮದ ಮೇಲೆ ಎಷ್ಟು ಭಾರ?

ಪುಸ್ತಕಗಳ ಪಟ್ಟಿಯೊಂದನ್ನು ಎಕ್ಸೆಲ್‌ನಿಂದ ಎಕ್ಸ್‌ಎಂಎಲ್‌ಗೆ ತಂದಾಗ ಲೇಖಕರ ಕಾಲಂ ಹೀಗಿರುವುದು ಸಾಮಾನ್ಯ: ‘ಕಾರಂತ, ಶಿವರಾಮ; ಬೇಂದ್ರೆ, ದ.ರಾ.; ಪುಟ್ಟಪ್ಪ, ಕೆ.ವಿ.’ ಮೂವರೂ ಒಂದೇ ಎಲಿಮೆಂಟಿನೊಳಗೆ. ಅದನ್ನು ಹಾಗೆಯೇ ಇಟ್ಟುಕೊಂಡು, ವೆಬ್ ಪುಟ ತಯಾರಿಸುವ ಎಕ್ಸ್‌ಎಸ್‌ಎಲ್‌ಟಿ ಹಂತದಲ್ಲಿ ಅರ್ಧವಿರಾಮ ಕಂಡಲ್ಲೆಲ್ಲ ಒಡೆದರೆ ಸಾಕು ಎನ್ನುವವರಿದ್ದಾರೆ. ಎಕ್ಸ್‌ಎಂಎಲ್ ಇರುವುದೇ ಬಿಡಿ ಸಂಗತಿಗಳಿಗೆ ಬಿಡಿ ಟ್ಯಾಗ್ ಹಾಕಲು, ಹೆಸರುಗಳನ್ನು ಗಂಟು ಕಟ್ಟಿ ತಂದರೆ ಅದರ ಪ್ರಯೋಜನವೇನು ಎನ್ನುವವರೂ ಇದ್ದಾರೆ.

ಎರಡನೆಯವರ ಬಳಿ ಬಹಳ ಕಾಲ ಒಂದು ಬಲವಾದ ವಾದವಿತ್ತು. 1999ರ ನವೆಂಬರಿನಲ್ಲಿ ಬಂದ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಪಠ್ಯವನ್ನು ಒಡೆಯುವ ಫಂಕ್ಷನ್ನೇ ಇರಲಿಲ್ಲ. ಸಬ್‌ಸ್ಟ್ರಿಂಗ್-ಬಿಫೋರ್‌ನಿಂದ ಮೊದಲ ತುಂಡು ತೆಗೆದು, ಸಬ್‌ಸ್ಟ್ರಿಂಗ್-ಆಫ್ಟರ್‌ನಿಂದ ಉಳಿದದ್ದನ್ನು ಹಿಡಿದು, ಟೆಂಪ್ಲೇಟ್ ತನ್ನನ್ನು ತಾನೇ ಮತ್ತೆ ಕರೆದುಕೊಳ್ಳಬೇಕಿತ್ತು. ಚಿಹ್ನೆ ಸಿಗದಿದ್ದರೆ ಸಬ್‌ಸ್ಟ್ರಿಂಗ್-ಬಿಫೋರ್ ಖಾಲಿ ಪಠ್ಯ ಕೊಡುತ್ತದೆ; ಹಾಗಾಗಿ ಪಟ್ಟಿಯ ಕೊನೆಯ ಹೆಸರು ಸದ್ದಿಲ್ಲದೆ ಮಾಯವಾಗುತ್ತಿತ್ತು. ಅದನ್ನು ತಪ್ಪಿಸಲು ಕೊನೆಗೆ ತಾವೇ ಒಂದು ಅರ್ಧವಿರಾಮ ಅಂಟಿಸಿಕೊಳ್ಳುವುದು ರೂಢಿಯಾಯಿತು. ಪಟ್ಟಿ ಉದ್ದವಾದರೆ ಇನ್ನೊಂದು ತೊಡಕು. ಲಿಬ್‌ಎಕ್ಸ್‌ಎಸ್‌ಎಲ್‌ಟಿ ಎಂಬ ಪ್ರೊಸೆಸರ್ ತಾನಾಗಿ 3000 ಹಂತಗಳ ಆಳಕ್ಕೆ ಮಿತಿ ಹಾಕಿಕೊಂಡಿದೆ. ಅದನ್ನು ದಾಟಿದರೆ, ಇದು ಮುಗಿಯದ ಸುತ್ತಾಗಿರಬಹುದೆಂದು ನಿಂತುಬಿಡುತ್ತದೆ.

2007ರ ಜನವರಿಯಲ್ಲಿ 2.0 ಬಂದ ಮೇಲೆ ಈ ವಾದದ ಬಲ ಬಹುಪಾಲು ಇಳಿಯಿತು. ಟೋಕನೈಜ್ ಎಂಬ ಒಂದೇ ಫಂಕ್ಷನ್, ಒಂದೇ ಸಾಲು. ಹುಡುಕಾಟದ ಕೀಲಿಯನ್ನೂ ಹೀಗೆ ಒಡೆದ ತುಂಡುಗಳ ಮೇಲೆಯೇ ಕಟ್ಟಬಹುದು. ಬ್ರೌಸರ್‌ಗಳು 1.0ರಿಂದ ಮುಂದೆ ಹೋಗಲಿಲ್ಲವೆಂಬುದು ನಿಜ. ಆದರೆ ಈ ಕೆಲಸ ಸರ್ವರ್‌ನಲ್ಲಿ ನಡೆಸುವವರಿಗೆ ಅದು ಅಡ್ಡಿಯಲ್ಲ.

ಗಂಟು ಕಟ್ಟುವುದು ಎಕ್ಸ್‌ಎಂಎಲ್‌ನ ಧರ್ಮಕ್ಕೆ ವಿರುದ್ಧ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 1998ರ ಮೊದಲ ನಿರ್ದಿಷ್ಟತೆಯಲ್ಲೇ ಐಡಿರೆಫ್ಸ್, ಎನ್‌ಎಂಟೋಕನ್ಸ್ ಎಂಬ ಆಟ್ರಿಬ್ಯೂಟ್ ಬಗೆಗಳಿವೆ. ಎರಡೂ ಖಾಲಿ ಜಾಗದಿಂದ ಬೇರ್ಪಟ್ಟ ಪಟ್ಟಿಗಳೇ. ನಕ್ಷೆಗಳಿಗೆ ಬಳಸುವ ಕೆಎಂಎಲ್ ನೋಡಿ. ಬೆಳ್ಳಂದೂರು ಕೆರೆಯ ಗಡಿ ಬರೆಯುವುದಾದರೆ ಒಂದು ಬಿಂದು ‘77.66,12.93’ ಎಂದಾಗುತ್ತದೆ: ಮೊದಲು ರೇಖಾಂಶ, ಆಮೇಲೆ ಅಕ್ಷಾಂಶ. ಮುಂದಿನ ಬಿಂದುವಿಗೆ ನಡುವಿನ ಖಾಲಿ ಜಾಗ ಸೇರಿದರೂ ಹನ್ನೆರಡೇ ಅಕ್ಷರ. ಬಿಂದುವಿಗೊಂದು, ರೇಖಾಂಶಕ್ಕೊಂದು, ಅಕ್ಷಾಂಶಕ್ಕೊಂದು ಟ್ಯಾಗ್ ಎಂದು ಹಠ ಹಿಡಿದರೆ, ಎಷ್ಟು ಚಿಕ್ಕ ಹೆಸರಿಟ್ಟರೂ ಅದು ಸುಮಾರು ಎರಡೂವರೆ ಪಟ್ಟಾಗುತ್ತದೆ. ಕೆರೆಯಂಚಿನ ಸಾವಿರಾರು ಬಿಂದುಗಳನ್ನು ಹಾಗೆ ಬರೆದು ಯಾರಿಗೂ ಲಾಭವಿಲ್ಲ. ಮೂರನೆಯ ಬಿಂದುವಿಗೆ ಮಾತ್ರ ಟಿಪ್ಪಣಿ ಸೇರಿಸಬೇಕೆಂದು ಯಾರೂ ಕೇಳುವುದಿಲ್ಲ. ಎಸ್‌ವಿಜಿ ಚಿತ್ರಗಳು ಇಡೀ ರೇಖೆಯನ್ನು ಒಂದೇ ಆಟ್ರಿಬ್ಯೂಟಿನಲ್ಲಿ ತುಂಬುವುದೂ ಇದೇ ಲೆಕ್ಕದಿಂದ.

ಆದರೆ ಸಂಖ್ಯೆಗಳಿಗೆ ಇದು ಒಗ್ಗುವುದಕ್ಕೆ ಕಾರಣವಿದೆ: ದಶಮಾಂಶ ಬಿಂದು ಬಳಸುವ ಸಂಖ್ಯೆಯೊಳಗೆ ಖಾಲಿ ಜಾಗವಾಗಲಿ ಅಲ್ಪವಿರಾಮವಾಗಲಿ ಬರುವಂತಿಲ್ಲ. ಮನುಷ್ಯರು ಬರೆದ ಪಠ್ಯಕ್ಕೆ ಆ ಕಟ್ಟುಪಾಡಿಲ್ಲ. ‘ನಂ. 12, 3ನೇ ಅಡ್ಡರಸ್ತೆ, ಜಯನಗರ’ ಎಂಬ ವಿಳಾಸವನ್ನು ಅಲ್ಪವಿರಾಮದಲ್ಲಿ ಒಡೆದರೆ ಎಷ್ಟನೆಯ ತುಂಡು ಬಡಾವಣೆ ಎಂದು ಹೇಳುವವರು ಯಾರು? ಪಕ್ಕದ ಮನೆಯವರು ಅಡ್ಡರಸ್ತೆಯ ಜತೆಗೆ ಮುಖ್ಯರಸ್ತೆಯನ್ನೂ ಬರೆದಿರುತ್ತಾರೆ. ಬೇರ್ಪಡಿಸುವ ಚಿಹ್ನೆ ಬೇರೆಡೆ ಏನೂ ಅಲ್ಲ ಎಂಬ ಭರವಸೆ ಇರುವಲ್ಲಿ ಮಾತ್ರ ಗಂಟು ಸುರಕ್ಷಿತ.

ಭರವಸೆ ಇದ್ದರೂ ಸಣ್ಣಪುಟ್ಟ ಗುಂಡಿಗಳು ತಪ್ಪುವುದಿಲ್ಲ. ಟೋಕನೈಜ್‌ನ ಎರಡನೆಯ ಆರ್ಗ್ಯುಮೆಂಟ್ ರೆಗ್ಯುಲರ್ ಎಕ್ಸ್‌ಪ್ರೆಶನ್. ಪೈಪ್ ಚಿಹ್ನೆಯನ್ನೋ ಚುಕ್ಕಿಯನ್ನೋ ಕೊಡುವಾಗ ಮುಂದೆ ಹಿಂಬಾಗಿದ ಗೆರೆ ಹಾಕದಿದ್ದರೆ ಕೆಲಸ ಕೆಡುತ್ತದೆ. ವರ್ಡ್‌ನಿಂದ ಅಂಟಿಸಿದ ಪಠ್ಯದಲ್ಲಿ ಸಾಲು ಮುರಿಯದ ಖಾಲಿ ಜಾಗ ಬಂದಿದ್ದರೆ, ಕಣ್ಣಿಗೆ ಜಾಗವಾಗಿ ಕಂಡರೂ ಎಕ್ಸ್‌ಪಾತ್ ಅದನ್ನು ಜಾಗವೆಂದು ಎಣಿಸುವುದಿಲ್ಲ. ಎಲ್ಲಕ್ಕಿಂತ ಕಿರಿಕಿರಿಯದು, ಆಟ್ರಿಬ್ಯೂಟಿನೊಳಗೆ ಹೊಸ ಸಾಲಿನಿಂದ ಬೇರ್ಪಡಿಸಿದ ಪಟ್ಟಿ. ಎಕ್ಸ್‌ಎಂಎಲ್ ಓದುವ ಹಂತದಲ್ಲೇ ಆ ಹೊಸ ಸಾಲುಗಳು ಬರೀ ಸ್ಪೇಸ್ ಆಗಿಬಿಡುತ್ತವೆ. ಒಡೆಯುವ ಸಾಲನ್ನು ನೀವು ಎಷ್ಟೇ ಸರಿಯಾಗಿ ಬರೆದರೂ, ಅದು ಓಡುವ ಹೊತ್ತಿಗೆ ಒಡೆಯಲು ಗುರುತೇ ಉಳಿದಿರುವುದಿಲ್ಲ.

ಹಾಗಾದರೆ ಲೇಖಕರಿಗೆಲ್ಲ ಮೊದಲೇ ಎಲಿಮೆಂಟ್ ಕೊಟ್ಟುಬಿಡೋಣವೇ? ಕೊಟ್ಟರೆ ಸಂಪಾದಕರು ಯಾರು, ಅನುವಾದಕರು ಯಾರು ಎಂದು ಪ್ರತಿ ಹೆಸರಿನ ಪಕ್ಕ ಬರೆಯಬಹುದು, ಸ್ಕೀಮಾದಿಂದ ತಪಾಸಣೆ ಮಾಡಿಸಬಹುದು. ನನ್ನ ಒಲವೂ ಹೆಸರುಗಳ ಮಟ್ಟಿಗೆ ಅತ್ತಲೇ. ಆದರೂ ಮೊದಲ ಪಕ್ಷದವರು ಹೇಳುವ ಒಂದು ಮಾತನ್ನು ತಳ್ಳಿಹಾಕಲಾರೆ: ಮೂಲ ಗಂಟು ಕೈಯಲ್ಲಿದ್ದರೆ, ತಪ್ಪಾಗಿ ಒಡೆದದ್ದನ್ನು ನಾಳೆ ಬೇರೆ ನಿಯಮದಿಂದ ಮತ್ತೆ ಒಡೆಯಬಹುದು. ಒಳಬರುವಾಗಲೇ ತಪ್ಪಾಗಿ ಬಿಡಿಸಿ ಮೂಲವನ್ನು ಎಸೆದಿದ್ದರೆ ತಪ್ಪು ನಡೆದದ್ದೂ ತಿಳಿಯುವುದಿಲ್ಲ. ಅದಕ್ಕೇ ಎರಡನ್ನೂ ಇಟ್ಟುಕೊಳ್ಳುವವರಿದ್ದಾರೆ: ಬಂದ ಸಾಲು ಬಂದ ಹಾಗೆ, ಅದರ ಪಕ್ಕದಲ್ಲಿ ಬಿಡಿಸಿದ ಹೆಸರುಗಳು. ಜಾಗ ಹೆಚ್ಚು ಬೇಕು. ಒಂದನ್ನು ತಿದ್ದಿದವರು ಇನ್ನೊಂದನ್ನು ಮರೆಯುವ ಭಯವೂ ಇದೆ.

ಟೈಪ್ ಮಾಡುವವರು ಅರ್ಧವಿರಾಮದ ಬದಲು ‘ಮತ್ತು’ ಬಳಸಿದ್ದಾರೆಂದು ಅದನ್ನೂ ನಿಯಮಕ್ಕೆ ಸೇರಿಸುವವರು ಕನ್ನಡ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸುವುದು ಒಳ್ಳೆಯದು. ‘ಕನ್ನಡ ಮತ್ತು ಸಂಸ್ಕೃತಿ ಇಲಾಖೆ’ ಇಬ್ಬರು ಲೇಖಕರಾಗಿ ಹೊರಬರುತ್ತದೆ. ಅಕಾರಾದಿಯಲ್ಲಿ ಒಬ್ಬರು ಕ ಅಡಿ, ಇನ್ನೊಬ್ಬರು ಸ ಅಡಿ.