ನಿರ್ಬಂಧವೂ ನಿಯಮವೂ

ಇರಾನ್ ದೇಶವು ಅಣ್ವಸ್ತ್ರ ತಯಾರಿಗೆ ತೊಡಗಿದೆಯೆಂಬ ಶಂಕೆಯಿಂದ ಎರಡು ದಶಕಗಳಿಗೂ ಮಿಗಿಲಾಗಿ ಅದರ ಮೇಲೆ ಒತ್ತಡ ಬೀಳುತ್ತಲೇ ಇದೆ. 2025ರ ಜೂನ್‌ನಲ್ಲಿ ಅಲ್ಲಿಯ ಅಣುನೆಲೆಗಳ ಮೇಲೆ ಬಾಂಬುಗಳೂ ಬಿದ್ದವು. ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ಹಳೆಯ ನಿರ್ಬಂಧಗಳು ಮರಳಿ ಜಾರಿಗೆ ಬಂದವು. ಇದನ್ನು ದೂರದ ಸುದ್ದಿಯೆಂದು ಓದುವವರು, ಭಾರತವೂ ಒಮ್ಮೆ ಇಂಥದೇ ಸ್ಥಾನದಲ್ಲಿ ನಿಂತಿತ್ತೆಂಬುದನ್ನು ಮರೆಯಬಾರದು.

1998ರ ಮೇ 11 ಮತ್ತು 13ರಂದು ಪೋಖರಣ್‌ನಲ್ಲಿ ಅಣುಪರೀಕ್ಷೆಗಳು ನಡೆದವು. ಮೊದಲನೆಯ ದಿನ ಬುದ್ಧಪೂರ್ಣಿಮೆಯಾಗಿತ್ತೆಂಬುದು ಅಹಿಂಸಾಪ್ರಿಯರ ಮನಸ್ಸನ್ನು ಇಂದಿಗೂ ಚುಚ್ಚುತ್ತದೆ. ಅಮೆರಿಕ, ಜಪಾನ್ ಮೊದಲಾದ ದೇಶಗಳು ನಿರ್ಬಂಧ ಹೇರಿದವು; ಜೂನ್ 6ರಂದು ಭದ್ರತಾ ಮಂಡಳಿ ಖಂಡನಾ ನಿರ್ಣಯ ಕೈಗೊಂಡಿತು. ಬೆಂಗಳೂರಿನಲ್ಲಿ ರೂಪುಗೊಳ್ಳುತ್ತಿದ್ದ ಹಗುರ ಯುದ್ಧವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದಲ್ಲಿ ದುಡಿಯುತ್ತಿದ್ದ ನಮ್ಮ ಎಂಜಿನಿಯರುಗಳು ಕೆಲಸ ಬಿಟ್ಟು ಮರಳಬೇಕಾಯಿತು. ಆದರೇನು, ಆ ಕಾರ್ಯವನ್ನು ಬೆಂಗಳೂರಿನಲ್ಲಿಯೇ ಮುಗಿಸಲಾಯಿತು. 2001ರ ಜನವರಿ 4ರಂದು ವಿಮಾನ ಹಾರಿತು.

ಜಿನಾಗಮವು ದ್ರವ್ಯ, ಭಾವಗಳೆಂದು ಮಾಡುವ ಭೇದ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಹೊರಗಿನ ಒತ್ತಡ ದ್ರವ್ಯವನ್ನು ತಡೆಯಬಲ್ಲದು, ಯಂತ್ರವನ್ನು ಬಂದರಿನಲ್ಲಿ ನಿಲ್ಲಿಸಬಲ್ಲದು, ಭಾವವನ್ನು ಮುಟ್ಟಲಾರದು. ಭಾರತದ ಮೇಲಿನ ಶಂಕೆಯನ್ನು ಸಡಿಲಿಸಿದ್ದರಲ್ಲಿ ಅದು ತಾನೇ ಹಾಕಿಕೊಂಡ ಮಿತಿಯ ಪಾಲು ದೊಡ್ಡದು. ಮತ್ತೆ ಪರೀಕ್ಷೆ ನಡೆಸುವುದಿಲ್ಲವೆಂದು ಸ್ವಯಂಪ್ರೇರಣೆಯಿಂದ ಘೋಷಿಸಿದ್ದನ್ನು 2008ರ ಸೆಪ್ಟೆಂಬರ್ 5ರಂದು ಪುನರುಚ್ಚರಿಸಿತು. ಮರುದಿನವೇ ಅಣು ಪೂರೈಕೆದಾರ ರಾಷ್ಟ್ರಗಳ ಗುಂಪು ವಿನಾಯಿತಿ ನೀಡಿತು. ವ್ಯಾಪಾರದ ಲೆಕ್ಕವೂ ಅದರಲ್ಲಿತ್ತು, ನಿಜ.

ಸಮಂತಭದ್ರಾಚಾರ್ಯರು ಅವಧಿಯುಳ್ಳ ತ್ಯಾಗವನ್ನು ನಿಯಮವೆಂದೂ ಬಾಳಿನುದ್ದದ ತ್ಯಾಗವನ್ನು ಯಮವೆಂದೂ ಬೇರ್ಪಡಿಸಿದ್ದಾರೆ. 2015ರ ಜುಲೈನಲ್ಲಿ ಇರಾನ್ ಒಪ್ಪಿದ್ದು ಅಂಥದೊಂದು ನಿಯಮವೇ: ಹದಿನೈದು ವರ್ಷಗಳ ಕಾಲ ಯುರೇನಿಯಂ ಸಂವರ್ಧನೆ ಶೇ 3.67ನ್ನು ಮೀರದು, ಸಂಗ್ರಹ 300 ಕಿಲೋ ದಾಟದು. ಪರಿಗ್ರಹ ಪರಿಮಾಣದ ಮಾತಿನಂತೆಯೇ ಇದೆ! ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಪಾಸಣೆಯಲ್ಲಿ ಅದು ಪಾಲನೆಯಾಗುತ್ತಲೂ ಇತ್ತು. 2018ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಂದದಿಂದ ಹೊರನಡೆದು ನಿರ್ಬಂಧಕ್ಕೆ ಮರಳಿತು. 2021ರ ಹೊತ್ತಿಗೆ ಸಂವರ್ಧನೆ ಶೇ 60ಕ್ಕೇರಿತು. ಇರಾನ್ ನಿರ್ದೋಷಿಯೆಂದಲ್ಲ. ಘೋಷಿಸದ ಸ್ಥಳಗಳಲ್ಲಿ ಸಿಕ್ಕ ಯುರೇನಿಯಂ ಕಣಗಳಿಗೆ ಅದು ನಂಬುವಂಥ ವಿವರಣೆ ಕೊಡಲಿಲ್ಲ. ದೋಷವನ್ನು ಬಚ್ಚಿಟ್ಟವನ ವ್ರತ ನಿಲ್ಲದೆಂದೇ ಗುರುಸನ್ನಿಧಿಯಲ್ಲಿ ಆಲೋಚನಾ ವಿಧಿಯನ್ನು ಇಟ್ಟಿರುವುದು.

ಹಾಗೆಂದು ಭಾರತದ ದಾರಿ ಸರಿಯಾಗಿತ್ತೆಂದು ಶ್ರಾವಕನು ಸಮಾಧಾನಪಡುವಂತಿಲ್ಲ. ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ನಿಷಿದ್ಧ. ಆತ್ಮರಕ್ಷಣೆಯ ವಿರೋಧೀ ಹಿಂಸೆ ಮಾತ್ರ ಅನಿವಾರ್ಯವೆನಿಸಬಹುದು. ಅಣ್ವಸ್ತ್ರ ರಕ್ಷಣೆಗೇ ತಾನೆ ಎಂಬ ವಾದ ಹುಟ್ಟುವುದು ಇಲ್ಲಿಂದ. ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯ ಕಡೆ, ಕಾಡಂಚಿನ ಹೊಲದಲ್ಲಿ ಮುಸುಕಿನ ಜೋಳ ತೆನೆಗಟ್ಟಿದಾಗ ಆನೆ, ಹಂದಿಗಳನ್ನು ತಡೆಯದೆ ರೈತನಿಗೆ ಗತಿಯಿಲ್ಲ. ಸೌರಬೇಲಿ ಪ್ರಾಣಿಯನ್ನು ಬೆದರಿಸಿ ಹಿಂದಕ್ಕೆ ಕಳಿಸುತ್ತದೆ. ವಿದ್ಯುತ್ ಕಂಬದಿಂದಲೇ ನೇರವಾಗಿ ಕರೆಂಟು ಎಳೆದು ತಂತಿಗೆ ಹರಿಸಿದರೋ? ಹಂದಿ, ಆನೆ, ನೆರೆಯವನ ದನ, ಇರುಳಲ್ಲಿ ನೀರು ಕಟ್ಟಲು ಹೋದ ಮನೆಯ ಮಗ, ಆ ತಂತಿಗೆ ಎಲ್ಲರೂ ಒಂದೇ. ಭರತನ ಚಕ್ರರತ್ನವಾದರೂ ಬಾಹುಬಲಿಯನ್ನು ಕೊಲ್ಲದೆ ಬಲಗೊಂಡು ನಿಂತಿತು; ಈ ಅಸ್ತ್ರಕ್ಕೆ ಆ ವಿವೇಕವೂ ಇಲ್ಲ.

ಇರಾನನ್ನು ಗದರಿಸುವವರ ಸಾಲಿನಲ್ಲಿ ಅಣ್ವಸ್ತ್ರವುಳ್ಳವರೂ ಇದ್ದಾರೆ. ಪ್ರಸರಣ ತಡೆ ಒಪ್ಪಂದದ ಆರನೆಯ ವಿಧಿಯಂತೆ ನಿರಸ್ತ್ರೀಕರಣದ ಮಾತುಕತೆಗೆ ಬದ್ಧರಾದ ಅವರು ತಮ್ಮ ಅಸ್ತ್ರಗಳನ್ನು ಹೊಸದಾಗಿಸುತ್ತಲೇ ಇದ್ದಾರೆ. ಭಾರತದ ಘೋಷಣೆಯೂ ಇನ್ನೂ ನಿಯಮದ ಹಂತದಲ್ಲಿಯೇ ಇದೆ. ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಅದು ಸಹಿ ಹಾಕಿಲ್ಲ.